ಸರಿಯಾದ ವೇಳೆ ಯಾರ ಬಳಿಯಿದೆ?

ನಮ್ಮ ತಂದೆ ರೈಲ್ವೆಯಲ್ಲಿ ಸ್ಟೇಷನ್ ಮಾಸ್ತರರಾಗಿದ್ದರು. ಅರಸೀಕೆರೆಯಿಂದ ಹುಬ್ಬಳ್ಳಿಯ ಕಡೆಗೆ ಹೋಗುವ ಆಗಿನ ಮೀಟರ್ ಗೇಜ್ ದಾರಿಯಲ್ಲಿ, ಹೆಸರು ಹೇಳಿದರೂ ಹತ್ತರಲ್ಲಿ ಒಂಬತ್ತು ಮಂದಿಗೆ ತಿಳಿಯದಂಥ ಒಂದು ಸಣ್ಣ ನಿಲ್ದಾಣ. ಎರಡು ಬೇವಿನ ಮರ, ಒಂದು ನೀರಿನ ತೊಟ್ಟಿ, ಹೆಂಚಿನ ಕಟ್ಟಡ. ಅದರ ಗೋಡೆಯ ಮೇಲೆ ಊಟದ ಮಣೆಯಷ್ಟಗಲದ ಒಂದು ಗಡಿಯಾರ. 1960ರ ದಶಕದ ಮಾತು. ನನಗಾಗ ಎಂಟೊಂಬತ್ತು ವರ್ಷ.

ದಿನವೂ ಸಾಯಂಕಾಲ ನಾಲ್ಕು ಗಂಟೆ ಸಮೀಪಿಸಿತೆಂದರೆ ತಂದೆ ಬೇರೆ ಮನುಷ್ಯರಾಗುತ್ತಿದ್ದರು. ಮಾತು ನಿಲ್ಲಿಸುವರು. ಟಿಕೀಟು ಕೇಳಲು ಬಂದವನಿಗೆ ಕೈಸನ್ನೆಯಿಂದಲೇ ‘ತಡಿ’ ಎನ್ನುವರು. ಕಂಟ್ರೋಲ್ ಫೋನನ್ನು ಕಿವಿಗೆ ಹಿಡಿದು ಗೋಡೆಯ ಗಡಿಯಾರವನ್ನೇ ದಿಟ್ಟಿಸಿ ನಿಲ್ಲುವರು. ತಂತಿಯ ಆ ತುದಿಯಿಂದ ‘ಹದಿನಾರು ಗಂಟೆ’ ಎಂಬ ಮಾತು ಬೀಳುತ್ತಿತ್ತು. ಮುಳ್ಳು ಮುಂದೆ ಹೋಗಿದ್ದರೆ ಹಿಂದಕ್ಕೆ, ಹಿಂದೆ ಬಿದ್ದಿದ್ದರೆ ಮುಂದಕ್ಕೆ. ಅನಂತರ ರಿಜಿಸ್ಟರಿನಲ್ಲಿ ಒಂದು ಸಾಲು. ದಿನಕ್ಕೊಮ್ಮೆ ಎಲ್ಲ ಮುಖ್ಯ ನಿಲ್ದಾಣಗಳಿಗೂ ಹದಿನಾರು ಗಂಟೆಗೆ ಪ್ರಮಾಣ ವೇಳೆಯನ್ನು ತಿಳಿಸಬೇಕೆಂಬುದು ರೈಲ್ವೆಯ ಸಾಮಾನ್ಯ ನಿಯಮಗಳಲ್ಲೇ ಇರುವ ಮಾತು. ನಮ್ಮ ಮನೆಯಲ್ಲಿ ಅದು ಸಂಧ್ಯಾವಂದನೆಯಷ್ಟೇ ತಪ್ಪದ ಕರ್ಮವಾಗಿತ್ತು.

ಒಂದು ದಿನ ನಾನು ಕೇಳಿದೆ: “ನಿಮಗೆ ವೇಳೆ ಹೇಳುವವರಿಗೆ ವೇಳೆ ಹೇಳುವವರು ಯಾರು?”

“ಅವರ ಮೇಲಿನವರು.”

“ಆ ಮೇಲಿನವರಿಗೆ?”

“ಅವರಿಗೂ ಮೇಲಿನವರು.”

“ಎಲ್ಲರಿಗಿಂತ ಮೇಲಿನವರಿಗೆ?”

ತಂದೆ ನಕ್ಕರು. “ಅದು ನನಗೂ ಗೊತ್ತಿಲ್ಲ. ನಿನಗೆ ಗೊತ್ತಾದಾಗ ನನಗೂ ಹೇಳು” ಎಂದರು.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ಒಮ್ಮೆ ಮುಂಗಾರಿನ ಗಾಳಿಗೆ ಮರ ಉರುಳಿ ತಂತಿ ಹರಿಯಿತು. ಎರಡು ದಿನ ನಾಲ್ಕು ಗಂಟೆಯ ಕರೆ ಬರಲಿಲ್ಲ. ಮೂರನೆಯ ದಿನ ಗೂಡ್ಸ್ ಗಾಡಿಯ ಗಾರ್ಡು ಇಳಿದುಬಂದ. ಅವನ ಗಡಿಯಾರಕ್ಕೂ ನಮ್ಮ ಗೋಡೆಯ ಗಡಿಯಾರಕ್ಕೂ ಎರಡು ನಿಮಿಷದ ವ್ಯತ್ಯಾಸ. ಇಬ್ಬರೂ ತಮ್ಮದೇ ಸರಿ ಎಂದರು. ಕೊನೆಗೆ ತಂದೆ ಎರಡನ್ನೂ ರಿಜಿಸ್ಟರಿನಲ್ಲಿ ಬರೆದುಕೊಂಡು, “ಎರಡು ಗಡಿಯಾರ ಜಗಳವಾಡಿದರೆ ತೀರ್ಪು ಹೇಳಲಾಗದು, ಮೂರನೆಯದೊಂದು ಬೇಕು” ಎಂದರು. ಆಗ ಅದೊಂದು ಬೇಸರದ ಮಾತೆಂದು ತೋರಿತ್ತು. ಕಾಲಮಾಪನದ ಚರಿತ್ರೆಯನ್ನೆಲ್ಲ ಓದಿಕೊಂಡ ಮೇಲೆ, ಆ ಚರಿತ್ರೆಯ ಸಾರವೇ ಆ ಮಾತಿನಲ್ಲಿದೆಯೆಂದು ನನಗೆ ಅನ್ನಿಸಿದೆ.

ಬಟ್ಟಲಿನಿಂದ ಲೋಲಕಕ್ಕೆ

ನಮ್ಮ ಹಿರಿಯರ ಗಳಿಗೆಬಟ್ಟಲನ್ನು ಓದುಗರಲ್ಲಿ ಕೆಲವರಾದರೂ ಕೇಳಿ ಬಲ್ಲರು. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಡುವುದು. ಅದು ತುಂಬಿ ಮುಳುಗಿದರೆ ಒಂದು ಗಳಿಗೆ, ಎಂದರೆ ಈಗಿನ 24 ನಿಮಿಷ. ದಿನಕ್ಕೆ 60 ಗಳಿಗೆ, ಗಳಿಗೆಗೆ 60 ವಿಗಳಿಗೆ. ಲೆಕ್ಕವೇನೋ ಸೊಗಸು. ಆದರೆ ತೂತಿಗೆ ಪಾಚಿ ಕಟ್ಟಿದರೆ ಗಳಿಗೆ ಉದ್ದವಾಗುತ್ತದೆ, ತೂತು ಸವೆದರೆ ಗಿಡ್ಡವಾಗುತ್ತದೆ. ಮುಹೂರ್ತಕ್ಕೆ ಅಷ್ಟು ಸಾಕಾಗಿತ್ತು.

ಎಲ್ಲ ಗಡಿಯಾರಗಳ ಗುಟ್ಟೂ ಒಂದೇ. ಒಂದೇ ಸಮನೆ ಮರುಕಳಿಸುವ ಏನಾದರೊಂದನ್ನು ಹಿಡಿಯಬೇಕು, ಅದನ್ನು ಎಣಿಸಬೇಕು. ಎಣಿಕೆ ಎಲ್ಲರಿಗೂ ಬರುತ್ತದೆ. ಒಂದೇ ಸಮನೆ ಮರುಕಳಿಸುವ ವಸ್ತುವನ್ನು ಹುಡುಕುವುದೇ ಕಷ್ಟ. ಹಾಲೆಂಡಿನ ಕ್ರಿಸ್ಟಿಯಾನ್ ಹೈಗೆನ್ಸ್ 1656ರಲ್ಲಿ ಲೋಲಕವನ್ನು ಗಡಿಯಾರಕ್ಕೆ ಜೋಡಿಸಿದ. ಅಲ್ಲಿಯವರೆಗೆ ದಿನಕ್ಕೆ ಕಾಲು ಗಂಟೆ ತಪ್ಪುತ್ತಿದ್ದ ಯಂತ್ರಗಳು, ಲೋಲಕದ ಗಡಿಯಾರಗಳು ಪಳಗಿದಂತೆ, ದಿನಕ್ಕೆ ಕೆಲವೇ ಸೆಕೆಂಡು ತಪ್ಪುವ ಮಟ್ಟಕ್ಕೆ ಬಂದವು. ನಿಮಿಷದ ಮುಳ್ಳಿಗೆ ಮರ್ಯಾದೆ ಬಂದದ್ದು ಆಗಲೇ.

ಆದರೆ ಲೋಲಕಕ್ಕೂ ತನ್ನ ದೌರ್ಬಲ್ಯಗಳಿವೆ. ಫ್ರಾನ್ಸಿನ ಜಾನ್ ರಿಷೇ 1672ರಲ್ಲಿ ಪ್ಯಾರಿಸ್ಸಿನಿಂದ ದಕ್ಷಿಣ ಅಮೆರಿಕದ ಕಯೆನ್ ಎಂಬಲ್ಲಿಗೆ ಗಡಿಯಾರವೊಂದನ್ನು ಕೊಂಡೊಯ್ದ. ಪ್ಯಾರಿಸ್ಸಿನಲ್ಲಿ ಸರಿಯಾಗಿದ್ದದ್ದು ಅಲ್ಲಿ ದಿನಕ್ಕೆ ಎರಡೂವರೆ ನಿಮಿಷ ಹಿಂದೆ ಬೀಳತೊಡಗಿತು. ಗಡಿಯಾರ ಕೆಟ್ಟಿರಲಿಲ್ಲ. ಭೂಮಧ್ಯರೇಖೆಯ ಸಮೀಪದಲ್ಲಿ ಭೂಮಿಯ ಸೆಳೆತವೇ ಕೊಂಚ ಕಡಿಮೆ. ಸೆಕೆಯಾದರೂ ಕಷ್ಟವೇ: ಉಕ್ಕಿನ ಸರಳು ಒಂದು ಡಿಗ್ರಿ ಸೆಂಟಿಗ್ರೇಡ್ ಹೆಚ್ಚು ಬಿಸಿಯಾದರೆ ಅಷ್ಟೇ ಉದ್ದವಾಗಿ, ಗಡಿಯಾರ ದಿನಕ್ಕೆ ಸುಮಾರು ಅರ್ಧ ಸೆಕೆಂಡು ಹಿಂದೆ ಬೀಳುತ್ತದೆ. ನಮ್ಮ ನಿಲ್ದಾಣದ ಗಡಿಯಾರ ಚೈತ್ರ ವೈಶಾಖದಲ್ಲಿ ಸೋಮಾರಿಯಾಗುತ್ತಿತ್ತೆಂದು ತಂದೆ ಹೇಳುತ್ತಿದ್ದುದು ಸುಮ್ಮನೆ ಅಲ್ಲ.

ಕಡಲಿನ ಮೇಲೆ

ಒಂದೆರಡು ಸೆಕೆಂಡಿಗಾಗಿ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕೆ ಎಂದು ಕೇಳುವವರಿಗೆ ಕಡಲು ಉತ್ತರ ಹೇಳಿದೆ. ಭೂಮಿ ಒಂದು ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಒಂದು ಡಿಗ್ರಿಗೆ 4 ನಿಮಿಷ. ಹೊರಟ ಬಂದರಿನ ವೇಳೆಯನ್ನು ಗಡಿಯಾರದಲ್ಲಿ ಇಟ್ಟುಕೊಂಡಿದ್ದು, ಹಡಗು ಇರುವೆಡೆಯ ನಡುಹಗಲನ್ನು ಸೂರ್ಯನಿಂದ ತಿಳಿದರೆ, ಎರಡರ ಅಂತರದಿಂದ ತಾವು ಎಷ್ಟು ಪೂರ್ವಕ್ಕೆ ಅಥವಾ ಪಶ್ಚಿಮಕ್ಕೆ ಬಂದಿದ್ದೇವೆಂದು ಹೇಳಬಹುದು. ಸುಲಭವಾದ ಲೆಕ್ಕ, ಆದರೆ ಅಲುಗಾಡುವ ಹಡಗಿನಲ್ಲಿ ಸರಿಯಾಗಿ ನಡೆಯುವ ಗಡಿಯಾರವೇ ಇರಲಿಲ್ಲ. 1707ರಲ್ಲಿ ಇಂಗ್ಲೆಂಡಿನ ನೌಕಾಪಡೆಯ ನಾಲ್ಕು ಹಡಗುಗಳು ತಾವೆಲ್ಲಿದ್ದೇವೆಂದು ತಿಳಿಯದೆ ಸಿಲಿ ದ್ವೀಪಗಳ ಬಂಡೆಗೆ ಬಡಿದು ಮುಳುಗಿದವು. ಸತ್ತವರು ಸಾವಿರಕ್ಕೂ ಹೆಚ್ಚು. 1714ರಲ್ಲಿ ಅಲ್ಲಿನ ಪಾರ್ಲಿಮೆಂಟು, ಅರ್ಧ ಡಿಗ್ರಿಯೊಳಗೆ ರೇಖಾಂಶವನ್ನು ತಿಳಿಸುವ ಉಪಾಯ ಹೇಳಿದವರಿಗೆ 20,000 ಪೌಂಡು ಬಹುಮಾನ ಸಾರಿತು.

ಬಹುಮಾನಕ್ಕೆ ಕೈಯಿಟ್ಟವನು ಜಾನ್ ಹ್ಯಾರಿಸನ್ ಎಂಬ ಬಡಗಿ. ಜೀವಮಾನವನ್ನೆಲ್ಲ ಅದಕ್ಕೇ ತೆತ್ತು, 1759ರಲ್ಲಿ ಅಂಗೈಗಿಂತ ಸ್ವಲ್ಪ ದೊಡ್ಡದಾದ ಒಂದು ಗಡಿಯಾರವನ್ನು ಮುಗಿಸಿದ. ಲೋಲಕದ ಬದಲು ಅದರಲ್ಲಿ ಸುರುಳಿ ಕಮಾನು ಹೊತ್ತ ಚಕ್ರ. 1761ರಲ್ಲಿ ಅದು ಜಮೈಕಾಕ್ಕೆ ಹೊರಟಿತು. 81 ದಿನಗಳಲ್ಲಿ ತಪ್ಪಿದ್ದು ಸುಮಾರು 5 ಸೆಕೆಂಡು ಮಾತ್ರ. ಆದರೂ ತಜ್ಞರ ಮಂಡಳಿ ನಂಬಲಿಲ್ಲ. ಆಕಾಶ ನೋಡಿ ವೇಳೆ ಹೇಳುವ ಪಂಡಿತರಿಗೆ, ಪೆಟ್ಟಿಗೆಯೊಳಗಿನ ಹಲ್ಲಿನ ಚಕ್ರಗಳು ಅದನ್ನೇ ಹೇಳುತ್ತವೆಂದರೆ ಹೇಗೆ ಹಿತವಾದೀತು? ಕಡೆಗೆ ದೊರೆಯ ಮಧ್ಯಸ್ಥಿಕೆಯಿಂದ 1773ರಲ್ಲಿ ಮುದುಕನಿಗೆ ಉಳಿದ ಹಣ ದೊರೆಯಿತು. ಆಗ ಅವನಿಗೆ 80 ವರ್ಷ. ಮೂರು ವರ್ಷದ ಮೇಲೆ ತೀರಿಕೊಂಡ.

ಅನಂತರದ ನಾವಿಕರು ಒಂದು ಪಾಠ ಕಲಿತರು. ಎಷ್ಟೇ ಒಳ್ಳೆಯ ಗಡಿಯಾರವಾದರೂ ಒಂದನ್ನೇ ನಂಬಬಾರದು. ಚಾರ್ಲ್ಸ್ ಡಾರ್ವಿನ್ ಪ್ರವಾಸ ಮಾಡಿದ ಬೀಗಲ್ ಹಡಗು 1831ರಲ್ಲಿ ಹೊರಟಾಗ ಅದರಲ್ಲಿ 22 ಕಾಲಮಾಪಕಗಳಿದ್ದವು. ಒಂದು ಹಡಗಿಗೆ 22 ಗಡಿಯಾರವೇಕೆ ಎಂದರೆ, ಯಾವುದು ಸುಳ್ಳು ಹೇಳುತ್ತಿದೆಯೆಂದು ಉಳಿದವು ಹೇಳುವುದಕ್ಕೆ. ನಮ್ಮ ತಂದೆಯ ‘ಮೂರನೆಯದೊಂದು ಬೇಕು’ ಎಂಬ ಮಾತೇ ಇದು.

ಊರಿಗೊಂದು ವೇಳೆ

ವೇಳೆ ಸರಿಯಾಗಿದ್ದರಷ್ಟೇ ಸಾಲದು, ಎಲ್ಲರಿಗೂ ಒಂದೇ ಆಗಬೇಕು. ಈ ಎರಡನೆಯ ಅಗತ್ಯವನ್ನು ತಂದದ್ದು ರೈಲು. ಅದಕ್ಕೆ ಮುಂಚೆ ಪ್ರತಿ ಊರಿಗೂ ತನ್ನ ನೆತ್ತಿಯ ಸೂರ್ಯನೇ ಗಡಿಯಾರ. ಎತ್ತಿನ ಗಾಡಿಯಲ್ಲಿ ಹೋಗುವವನಿಗೆ ಅದರಿಂದ ಏನೂ ತೊಂದರೆಯಿರಲಿಲ್ಲ. ಒಂದೇ ಹಳಿಯ ಮೇಲೆ ಎದುರುಬದುರಾಗಿ ಎರಡು ಗಾಡಿಗಳು ಬರತೊಡಗಿದಾಗ ‘ನಿಮ್ಮೂರ ಹತ್ತು ಗಂಟೆಯೋ ನಮ್ಮೂರ ಹತ್ತು ಗಂಟೆಯೋ’ ಎಂಬ ಪ್ರಶ್ನೆಗೆ ಪ್ರಾಣದ ಬೆಲೆ ಬಂತು.

ಭಾರತದಲ್ಲಿ ಈಸ್ಟ್ ಇಂಡಿಯಾ ಕಂಪೆನಿ 1792ರಲ್ಲಿ ಮದರಾಸಿನ ನುಂಗಂಬಾಕದಲ್ಲಿ ಖಗೋಳ ವೀಕ್ಷಣಾಲಯವನ್ನು ಕಟ್ಟಿತ್ತು. ಮದರಾಸಿನ ವೇಳೆ ಗ್ರೀನಿಚ್ಚಿಗಿಂತ ಸುಮಾರು 5 ಗಂಟೆ 21 ನಿಮಿಷ ಮುಂದೆ. ಬೊಂಬಾಯಿಯದು 4 ಗಂಟೆ 51 ನಿಮಿಷ, ಕಲ್ಕತ್ತೆಯದು 5 ಗಂಟೆ 53 ನಿಮಿಷ. ಎರಡು ದೊಡ್ಡ ಪಟ್ಟಣಗಳು ಒಂದರ ವೇಳೆಯನ್ನು ಇನ್ನೊಂದು ಒಪ್ಪದಿದ್ದಾಗ, ನಡುವಿನ ಮದರಾಸಿನ ವೇಳೆ ರೈಲುಗಳಿಗೆ ಅನುಕೂಲವಾಯಿತು. 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಭಾರತದ ರೈಲುಗಳು ಅದರಂತೆ ಓಡಿದವು. ವೀಕ್ಷಣಾಲಯದ ಗಡಿಯಾರದಿಂದ ಟೆಲಿಗ್ರಾಫ್ ತಂತಿಯ ಮೂಲಕ ದೇಶಕ್ಕೆಲ್ಲ ವೇಳೆ ಹೊರಡುತ್ತಿತ್ತು. ತಂದೆಯ ನಾಲ್ಕು ಗಂಟೆಯ ಕರೆಗೆ ಮೂಲಪುರುಷ ಅದು.

1906ರ ಜನವರಿ 1ರಿಂದ ಇಡೀ ದೇಶಕ್ಕೆ ಗ್ರೀನಿಚ್ಚಿಗಿಂತ ಐದೂವರೆ ಗಂಟೆ ಮುಂದಿನ ಒಂದೇ ಪ್ರಮಾಣ ವೇಳೆಯನ್ನು ಸರ್ಕಾರ ಗೊತ್ತುಮಾಡಿತು. ಮಿರ್ಜಾಪುರದ ಬಳಿ ಹಾದುಹೋಗುವ 82.5 ಡಿಗ್ರಿ ಪೂರ್ವ ರೇಖಾಂಶದ ವೇಳೆ ಇದು. ಬೊಂಬಾಯಿ ಸಿಡಿದೆದ್ದಿತು. ಗಡಿಯಾರವನ್ನು 39 ನಿಮಿಷ ಮುಂದಕ್ಕೆ ತಳ್ಳುವುದೆಂದರೆ ಗಿರಣಿಯ ಕೆಲಸಗಾರ ಅಷ್ಟು ಬೇಗ, ಇನ್ನೂ ಕತ್ತಲಿರುವಾಗಲೇ ಏಳಬೇಕೆಂದು ಅರ್ಥ. ಸರ್ಕಾರದ ಕಚೇರಿಗಳು ಒಂದು ವೇಳೆಯನ್ನೂ ಊರಿನ ಪುರಸಭೆ ಮತ್ತೊಂದು ವೇಳೆಯನ್ನೂ ಹಿಡಿದವು. ಒಂದು ಬೀದಿಯ ಈ ಬದಿಯ ಗಡಿಯಾರಕ್ಕೂ ಆ ಬದಿಯ ಗಡಿಯಾರಕ್ಕೂ ಹೊಂದಿಕೆಯಿಲ್ಲ! ಕಲ್ಕತ್ತೆ 1948ರವರೆಗೂ ಬೊಂಬಾಯಿ 1955ರವರೆಗೂ ತಮ್ಮ ವೇಳೆಯನ್ನು ಬಿಟ್ಟುಕೊಡಲಿಲ್ಲ.

ಇದನ್ನು ಹಟಮಾರಿತನವೆಂದು ನಕ್ಕುಬಿಡಬಹುದು. ನನಗೆ ಹಾಗೆ ನಗುವುದಾಗುವುದಿಲ್ಲ. ನಮ್ಮ ಬೆಂಗಳೂರಿನಲ್ಲಿ ಇಂದಿಗೂ ಸರಾಸರಿ ಲೆಕ್ಕದಲ್ಲಿ ಸೂರ್ಯ ನೆತ್ತಿಗೆ ಬರುವುದು ಗಡಿಯಾರದ ಹನ್ನೆರಡಕ್ಕಲ್ಲ, ಹನ್ನೆರಡೂ ಇಪ್ಪತ್ತಕ್ಕೆ. ಆ ಇಪ್ಪತ್ತು ನಿಮಿಷವನ್ನು ನಾವು ದೇಶದ ಒಗ್ಗಟ್ಟಿಗೆ ಕೊಟ್ಟ ಕಾಣಿಕೆಯೆನ್ನಬೇಕು. ಕೊಟ್ಟದ್ದು ಸರಿಯೇ, ಆದರೆ ಕೊಟ್ಟೆವೆಂಬ ನೆನಪಾದರೂ ಇರಬೇಡವೆ?

ಕಲ್ಲೂ ಕಣವೂ

ಬೊಂಬಾಯಿ ಸೋತ 1955ರಲ್ಲೇ ಇಂಗ್ಲೆಂಡಿನ ಟೆಡಿಂಗ್ಟನ್ ಎಂಬಲ್ಲಿ ಇನ್ನೊಬ್ಬ ಸೋಲುವುದಕ್ಕೆ ಮೊದಲಾಯಿತು. ಆ ಇನ್ನೊಬ್ಬ ಸಾಕ್ಷಾತ್ ಸೂರ್ಯನೇ. ಅದನ್ನು ಹೇಳುವ ಮೊದಲು ಸ್ಫಟಿಕದ ಮಾತು ಹೇಳಬೇಕು.

ಕೆಲವು ಬಗೆಯ ಹರಳುಗಳನ್ನು ಒತ್ತಿದರೆ ಅವುಗಳಲ್ಲಿ ವಿದ್ಯುತ್ತು ಹುಟ್ಟುತ್ತದೆಂದು ಫ್ರಾನ್ಸಿನ ಕ್ಯೂರಿ ಸೋದರರು 1880ರಲ್ಲಿ ಕಂಡುಹಿಡಿದರು. ತಿರುಗಿಸಿ, ವಿದ್ಯುತ್ತು ಹಾಯಿಸಿದರೆ ಹರಳು ಮಿಡಿಯುತ್ತದೆ. ಒಂದೇ ಸಮನೆ, ದಣಿವಿಲ್ಲದೆ. 1927ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯ ವಾರೆನ್ ಮ್ಯಾರಿಸನ್ ಈ ಮಿಡಿತದಿಂದ ಗಡಿಯಾರ ನಡೆಸಿದ. ಆಗ ಅದು ಬೀರುವಿನಷ್ಟು ದೊಡ್ಡದು. 1969ರ ಕ್ರಿಸ್‌ಮಸ್ ದಿನ ಜಪಾನಿನ ಸೈಕೋ ಕಂಪೆನಿ ಅದನ್ನು ಕೈಗಡಿಯಾರದೊಳಕ್ಕೆ ಇಳಿಸಿ ಮಾರಾಟಕ್ಕಿಟ್ಟಿತು. ಇಂದಿನ ಸಾಮಾನ್ಯ ಕೈಗಡಿಯಾರದ ಹರಳು ಸೆಕೆಂಡಿಗೆ 32,768 ಸಲ ಮಿಡಿಯುತ್ತದೆ. ಈ ವಿಚಿತ್ರ ಸಂಖ್ಯೆ ಏಕೆ? ಅದನ್ನು ಹದಿನೈದು ಸಲ ಅರ್ಧ ಮಾಡುತ್ತ ಹೋದರೆ ಸರಿಯಾಗಿ ಒಂದು ಉಳಿಯುತ್ತದೆ. ಆ ಒಂದೇ ಸೆಕೆಂಡಿನ ಮುಳ್ಳನ್ನು ದೂಡುವುದು.

ತಂದೆಯ ಕೈಯಲ್ಲಿದ್ದದ್ದು ಎಚ್.ಎಂ.ಟಿ. ‘ಜನತಾ’. 1961ರಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ನೆರವಿನಿಂದ ಬೆಂಗಳೂರಿನಲ್ಲಿ ಆರಂಭವಾದ ಕಾರ್ಖಾನೆಯ ಗಡಿಯಾರ. ದಿನವೂ ಕೀಲಿ ಕೊಡಬೇಕು. ಅದರ ಚಕ್ರ ಸೆಕೆಂಡಿಗೆ ಐದು ಸಲ ಬಡಿಯುತ್ತದೆ. ಐದೆಲ್ಲಿ, ಮೂವತ್ತೆರಡು ಸಾವಿರವೆಲ್ಲಿ! ಅಳತೆಗೋಲಿನ ಗೆರೆಗಳು ಎಷ್ಟು ಒತ್ತಾಗಿದ್ದರೆ ಅಳತೆ ಅಷ್ಟು ಸೂಕ್ಷ್ಮ. ಅಗ್ಗದ ಹರಳಿನ ಗಡಿಯಾರಗಳ ಮುಂದೆ ಕೀಲಿಯ ಗಡಿಯಾರಗಳು ನಿಲ್ಲಲಾರದೆ ಹೋದವು. ಲಕ್ಷಾಂತರ ಮನೆಗಳಿಗೆ ಮದುವೆಯ ಉಡುಗೊರೆಯಾಗಿ, ಪಾಸಾದ ಮಗನಿಗೆ ಬಹುಮಾನವಾಗಿ ಹೋದ ಆ ಗಡಿಯಾರಗಳ ಉದ್ಯಮವನ್ನು ಮುಚ್ಚಲು 2016ರಲ್ಲಿ ಸರ್ಕಾರ ಒಪ್ಪಿಗೆ ಕೊಟ್ಟಿತು.

ಆದರೆ ಹರಳೂ ಮನುಷ್ಯನು ಕತ್ತರಿಸಿದ್ದು. ಒಂದರಂತೆ ಇನ್ನೊಂದಿಲ್ಲ, ವಯಸ್ಸಾದಂತೆ ಅದರ ಮಿಡಿತವೂ ಸರಿಯುತ್ತದೆ. ಯಾರೂ ಕತ್ತರಿಸದ, ಎಂದೂ ಸವೆಯದ, ಲೋಕದಲ್ಲೆಲ್ಲ ಒಂದೇ ಆಗಿರುವ ವಸ್ತು ಯಾವುದು? ಪರಮಾಣು. ಸೀಸಿಯಂ ಎಂಬ ಲೋಹದ ಒಂದು ಪರಮಾಣುವಿಗೂ ಇನ್ನೊಂದಕ್ಕೂ, ಅದು ದೆಹಲಿಯಲ್ಲಿರಲಿ ಲಂಡನ್ನಿನಲ್ಲಿರಲಿ, ಎಳ್ಳಷ್ಟೂ ಭೇದವಿಲ್ಲ. ಆ ಪರಮಾಣುವಿಗೆ ಒಂದಕ್ಕೊಂದು ಅತಿ ಸಮೀಪವಾದ ಎರಡು ಸ್ಥಿತಿಗಳುಂಟು. ಒಂದರಿಂದ ಇನ್ನೊಂದಕ್ಕೆ ಅದನ್ನು ಹಾರಿಸಬೇಕಾದರೆ, ನಿರ್ದಿಷ್ಟವಾದ ಒಂದೇ ಆವರ್ತದ ಸೂಕ್ಷ್ಮ ರೇಡಿಯೋ ಅಲೆ ಬೇಕು. ಅಲೆ ಕೊಂಚ ಹೆಚ್ಚು ಕಡಿಮೆಯಾದರೂ ಪರಮಾಣು ಕದಲದು.

1955ರಲ್ಲಿ ಟೆಡಿಂಗ್ಟನ್ನಿನ ರಾಷ್ಟ್ರೀಯ ಭೌತ ಪ್ರಯೋಗಶಾಲೆಯಲ್ಲಿ ಲೂಯಿ ಎಸೆನ್ ಮತ್ತು ಜ್ಯಾಕ್ ಪ್ಯಾರಿ ಇದನ್ನೇ ಗಡಿಯಾರಕ್ಕೆ ಹೂಡಿದರು. ಸಣ್ಣ ಒಲೆಯಲ್ಲಿ ಸೀಸಿಯಂ ಕಾಯುತ್ತದೆ. ಅದರ ಪರಮಾಣುಗಳು ನಿರ್ವಾತದ ಕೊಳವೆಯಲ್ಲಿ ಸಾಲುಗಟ್ಟಿ ಹಾರುತ್ತವೆ. ದಾರಿಯಲ್ಲಿ ಅವುಗಳ ಮೇಲೆ ರೇಡಿಯೋ ಅಲೆ ಬೀಳುತ್ತದೆ. ಎಷ್ಟು ಪರಮಾಣು ಸ್ಥಿತಿ ಬದಲಾಯಿಸಿದವೆಂದು ಕೊನೆಯಲ್ಲಿ ಎಣಿಕೆಯಾಗುತ್ತದೆ. ಎಣಿಕೆ ಇಳಿದರೆ ಅಲೆಯ ಆವರ್ತ ತಪ್ಪಿತೆಂದು ಅರ್ಥ. ಕೂಡಲೇ ಅದನ್ನು ತಿದ್ದುತ್ತಾರೆ. ಆ ಅಲೆಯ ಮೂಲದಲ್ಲಿರುವುದು ನಮ್ಮ ಹಳೆಯ ಸ್ಫಟಿಕವೇ. ಎಂದರೆ ಕೆಲಸಗಾರ ಸ್ಫಟಿಕ, ಮೇಲ್ವಿಚಾರಕ ಸೀಸಿಯಂ. ಗೋಡೆಯ ಗಡಿಯಾರ, ನಾಲ್ಕು ಗಂಟೆಯ ಕರೆ, ಎರಡೂ ಒಂದೇ ಪೆಟ್ಟಿಗೆಯೊಳಗೆ ಸೇರಿದಂತಾಯಿತು. ಎಸೆನ್ನರ ಗಡಿಯಾರ ತಪ್ಪುತ್ತಿದ್ದದ್ದು 300 ವರ್ಷಕ್ಕೆ ಒಂದು ಸೆಕೆಂಡಿನ ಲೆಕ್ಕದಲ್ಲಿ.

ಭೂಮಿಯೇ ತಪ್ಪಿದಾಗ

ಇಲ್ಲಿ ಓದುಗರು ಒಂದು ಸಂದೇಹ ಎತ್ತಬಹುದು. ತಪ್ಪಿತೆಂದು ಹೇಳುವುದಕ್ಕೆ ಸರಿಯಾದದ್ದೊಂದು ಇರಬೇಕಲ್ಲ? ಬಹುಕಾಲ ಆ ಸರಿ ಎಂಬುದು ಭೂಮಿಯೇ ಆಗಿತ್ತು. ಸರಾಸರಿ ದಿನದ 86,400ರಲ್ಲಿ ಒಂದು ಭಾಗವೇ ಸೆಕೆಂಡು. ಆದರೆ ಗಡಿಯಾರಗಳು ಒಳ್ಳೆಯವಾಗುತ್ತ ಹೋದಂತೆ, ಭೂಮಿಯೇ ನೆಟ್ಟಗೆ ನಡೆಯುತ್ತಿಲ್ಲವೆಂಬುದು ಹೊರಬಿತ್ತು. 1930ರ ದಶಕದಲ್ಲಿ ಬರ್ಲಿನ್ನಿನ ವಿಜ್ಞಾನಿಗಳು ತಮ್ಮ ಸ್ಫಟಿಕ ಗಡಿಯಾರಗಳನ್ನು ಒಂದಕ್ಕೊಂದು ಹೋಲಿಸಿ ನೋಡಿದರು. ಗಡಿಯಾರಗಳು ತಮ್ಮತಮ್ಮಲ್ಲಿ ಒಪ್ಪಿದವು, ಭೂಮಿಯೊಡನೆ ಒಪ್ಪಲಿಲ್ಲ. ಋತುವಿಗೆ ತಕ್ಕಂತೆ ಭೂಮಿಯ ಸುತ್ತು ಕೊಂಚ ಬೇಗ, ಕೊಂಚ ತಡ. ಮೇಲಾಗಿ ಸಮುದ್ರದ ಉಬ್ಬರವಿಳಿತಗಳ ತಿಕ್ಕಾಟದಿಂದ ದಿನವು ಶತಮಾನಕ್ಕೆ ಒಂದೆರಡು ಮಿಲಿಸೆಕೆಂಡಿನಂತೆ ಉದ್ದವಾಗುತ್ತಲೂ ಇದೆ.

1967ರಲ್ಲಿ ಜಗತ್ತಿನ ತೂಕ ಅಳತೆಗಳ ಸಮ್ಮೇಳನ ತೀರ್ಪು ಕೊಟ್ಟಿತು. ಸೀಸಿಯಂ ಪರಮಾಣುವಿನ ಆ ಅಲೆ 919 ಕೋಟಿ 26 ಲಕ್ಷ 31 ಸಾವಿರದ 770 ಸಲ ಮಿಡಿದರೆ ಒಂದು ಸೆಕೆಂಡು. ಈ ಸಂಖ್ಯೆಯಲ್ಲಿ ಸೂರ್ಯನ ಹೆಸರಿಲ್ಲ, ಭೂಮಿಯ ಹೆಸರಿಲ್ಲ. ನಾನು ತಂದೆಯನ್ನು ‘ಎಲ್ಲರಿಗಿಂತ ಮೇಲಿನವರು ಯಾರು’ ಎಂದು ಕೇಳಿದಾಗ ಸರಿಯಾದ ಉತ್ತರ ‘ಆಕಾಶ’ ಎಂದಿತ್ತು. ನಾನು ಹೈಸ್ಕೂಲಿಗೆ ಬರುವಷ್ಟರಲ್ಲಿ ಉತ್ತರ ‘ಪರಮಾಣು’ ಎಂದಾಗಿತ್ತು. ನಮ್ಮಿಬ್ಬರಿಗೂ ತಿಳಿಯದಂತೆ, ನಮ್ಮ ತಲೆಯ ಮೇಲೆಯೇ ರಾಜ್ಯ ಬದಲಾಯಿತು.

ಹೊಸ ಅರಸನೂ ಹಳೆಯ ಅರಸನೂ ಒಪ್ಪಂದಕ್ಕೆ ಬಂದದ್ದು 1972ರಲ್ಲಿ. ಪರಮಾಣುವಿನ ವೇಳೆಗೂ ಭೂಮಿಯ ವೇಳೆಗೂ ಅಂತರ ಹೆಚ್ಚಿದಾಗಲೆಲ್ಲ ಒಂದು ಅಧಿಕ ಸೆಕೆಂಡನ್ನು ಸೇರಿಸುವುದು. ನಮ್ಮ ಪಂಚಾಂಗದ ಅಧಿಕಮಾಸವಿದ್ದಂತೆ. ಹೀಗೆ ಸೇರಿಸಿದ್ದು ಇದುವರೆಗೆ 27 ಸಲ. ಕೊನೆಯದು ಭಾರತದಲ್ಲಿ 2017ರ ಜನವರಿ 1ರ ಬೆಳಗಿನ ಐದೂವರೆಗೆ ಮುನ್ನ ಬಂತು. ಆ ಮುಂಜಾನೆ 5 ಗಂಟೆ 29 ನಿಮಿಷಕ್ಕೆ 61 ಸೆಕೆಂಡುಗಳಿದ್ದವು. ಆದರೆ ಗಣಕಯಂತ್ರಗಳಿಗೆ ಈ ಅಧಿಕ ಸೆಕೆಂಡು ಹಿಡಿಸುವುದಿಲ್ಲ. 2012ರಲ್ಲಿ ಅದು ಬಂದಾಗ ಹಲವು ಗಣಕ ಜಾಲಗಳು ತೊಡರಿ ನಿಂತವು. ಇತ್ತೀಚೆಗೆ ಭೂಮಿ ಸ್ವಲ್ಪ ಚುರುಕಾಗಿರುವುದರಿಂದ, ಮುಂದೆ ಒಂದು ಸೆಕೆಂಡನ್ನು ಕಳೆಯಬೇಕಾಗಬಹುದೆಂಬ ಅಳುಕೂ ಉಂಟು. 2022ರಲ್ಲಿ ಅದೇ ಸಮ್ಮೇಳನ, 2035ರೊಳಗೆ ಈ ಪದ್ಧತಿಯನ್ನು ಸಡಿಲಿಸಿ, ಅಂತರವು ಒಂದು ಸೆಕೆಂಡಿಗಿಂತ ಹೆಚ್ಚು ಬೆಳೆಯಲು ಬಿಡುವುದೆಂದು ನಿರ್ಣಯಿಸಿತು.

ಒಂದೆರಡು ಸೆಕೆಂಡಿನಿಂದ ಯಾರ ಅನ್ನಕ್ಕೂ ಕುತ್ತಿಲ್ಲ, ನಿಜ. ಆದರೂ ನನ್ನ ಮನಸ್ಸಿಗೆ ಒಂದು ಸಣ್ಣ ನೋವು. ಊರಿನ ಸೂರ್ಯನನ್ನು ದೇಶಕ್ಕಾಗಿ ಬಿಟ್ಟೆವು. ಈಗ ದೇಶದ ಸೂರ್ಯನನ್ನು ಯಂತ್ರಕ್ಕಾಗಿ ಬಿಡುತ್ತಿದ್ದೇವೆ. ಮೊದಲನೆಯದಕ್ಕೆ ಬೊಂಬಾಯಿಯ ಗಿರಣಿ ಕೆಲಸಗಾರನಾದರೂ ಕೂಗಿದ. ಎರಡನೆಯದಕ್ಕೆ ಯಾರೂ ಕೂಗಲಿಲ್ಲ. ಆದದ್ದೇ ಬಹುಮಂದಿಗೆ ತಿಳಿಯದು.

ಆಕಾಶದಲ್ಲಿ ಗಡಿಯಾರಗಳು

ಹಾಗಾದರೆ ಇಷ್ಟು ಸೂಕ್ಷ್ಮವಾದ ವೇಳೆಯಿಂದ ಪ್ರಯೋಜನವೇನು? ಉತ್ತರ ಈಗಲೂ ಹ್ಯಾರಿಸನ್ನನ ಕಾಲದ್ದೇ: ನಾವೆಲ್ಲಿದ್ದೇವೆಂದು ತಿಳಿಯುವುದು. ಅಮೆರಿಕದ ಜಿ.ಪಿ.ಎಸ್. ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಪರಮಾಣು ಗಡಿಯಾರಗಳನ್ನು ಹೊತ್ತು ಸುತ್ತುತ್ತಿವೆ. ‘ಈಗ ವೇಳೆ ಇಷ್ಟು’ ಎಂದು ಕೂಗುತ್ತಿರುವುದೇ ಅವುಗಳ ಕೆಲಸ. ಆ ಕೂಗು ಎಷ್ಟು ತಡವಾಗಿ ತಲುಪಿತೆಂಬುದರಿಂದ ದೂರವನ್ನು ಲೆಕ್ಕ ಹಾಕುತ್ತಾರೆ. ನೂರು ಕೋಟಿಯಲ್ಲಿ ಒಂದು ಭಾಗ ಸೆಕೆಂಡಿನಲ್ಲಿ ಬೆಳಕು ಓಡುವುದು ಒಂದು ಅಡಿ. ಗಡಿಯಾರ ಅಷ್ಟು ತಪ್ಪಿದರೆ ದೂರವೂ ಒಂದು ಅಡಿ ತಪ್ಪುತ್ತದೆ. ಸ್ಥಳ ತಿಳಿಯಲು ಮೂರು ಉಪಗ್ರಹ ಸಾಕೆಂದು ತೋರುತ್ತದೆ. ಆದರೆ ನಾಲ್ಕು ಬೇಕು. ನಮ್ಮ ಕೈಯಲ್ಲಿರುವ ಫೋನಿನ ಗಡಿಯಾರ ಸಾಧಾರಣದ್ದು. ಅದನ್ನು ತಿದ್ದಿಕೊಳ್ಳುವುದಕ್ಕೆ ನಾಲ್ಕನೆಯದು.

ಐನ್‌ಸ್ಟೈನರ ಸಿದ್ಧಾಂತಕ್ಕೂ ಇಲ್ಲಿ ದಿನನಿತ್ಯದ ಕೆಲಸವುಂಟು. ವೇಗದಿಂದ ಉಪಗ್ರಹದ ಗಡಿಯಾರ ದಿನಕ್ಕೆ 7 ಮೈಕ್ರೋಸೆಕೆಂಡು ಹಿಂದೆ ಬೀಳುತ್ತದೆ. ಭೂಮಿಯ ಸೆಳೆತ ಕಡಿಮೆಯಾದ್ದರಿಂದ 45 ಮೈಕ್ರೋಸೆಕೆಂಡು ಮುಂದೆ ಓಡುತ್ತದೆ. ಉಳಿಯುವ 38ನ್ನು ಮೊದಲೇ ತಿದ್ದಿಡದಿದ್ದರೆ ಒಂದೇ ದಿನದಲ್ಲಿ ಹತ್ತು ಕಿಲೋಮೀಟರಿನಷ್ಟು ತಪ್ಪು ಕೂಡುತ್ತಿತ್ತು. ಒಂದು ಎತ್ತರದಲ್ಲಿ ಸರಿಯಾದದ್ದು ಇನ್ನೊಂದು ಎತ್ತರದಲ್ಲಿ ಸರಿಯಲ್ಲ. ಕಯೆನ್ನಿನಲ್ಲಿ ರಿಷೇಯ ಲೋಲಕ ಹೇಳಿದ್ದನ್ನು, ಬೇರೆ ಅರ್ಥದಲ್ಲಿ, ಪರಮಾಣುವೂ ಹೇಳಿತು.

ಭಾರತವೂ ತನ್ನದೇ ‘ನಾವಿಕ್’ ವ್ಯವಸ್ಥೆಯನ್ನು ಕಟ್ಟಿಕೊಂಡಿದೆ. ಅದರ ವೇಳೆಯನ್ನು ನೋಡಿಕೊಳ್ಳುವ ಕೇಂದ್ರ ನಮ್ಮ ಬೆಂಗಳೂರಿನ ಹೊರವಲಯದ ಬ್ಯಾಲಾಳಿನಲ್ಲಿದೆ. 2013ರಲ್ಲಿ ಹಾರಿದ ಮೊದಲ ಉಪಗ್ರಹದಲ್ಲಿ ಹೊರದೇಶದಿಂದ ತಂದ ಮೂರು ರುಬಿಡಿಯಂ ಗಡಿಯಾರಗಳಿದ್ದವು. ಕೆಲವೇ ವರ್ಷಗಳಲ್ಲಿ ಮೂರೂ ಕೆಟ್ಟವು. ಉಪಗ್ರಹ ಗಟ್ಟಿಯಾಗಿಯೇ ಇತ್ತು, ರೇಡಿಯೋ ಮಾತನಾಡುತ್ತಿತ್ತು. ಆದರೆ ವೇಳೆ ತಿಳಿಯದ ಮೇಲೆ ದಾರಿ ತೋರಿಸುವುದೆಂತು? 2017ರಲ್ಲಿ ಅದರ ಬದಲಿಗೆ ಕಳಿಸಿದ ಉಪಗ್ರಹ ಕಕ್ಷೆ ಸೇರಲಿಲ್ಲ. 2018ರಲ್ಲಿ ಇನ್ನೊಂದು ಸೇರಿತು. 2023ರ ಮೇ 29ರಂದು ಹಾರಿದ ಉಪಗ್ರಹದಲ್ಲಿ ಮೊದಲ ಬಾರಿಗೆ ನಮ್ಮ ದೇಶದಲ್ಲೇ ಮಾಡಿದ ಪರಮಾಣು ಗಡಿಯಾರವಿತ್ತು. ಅದನ್ನು ಅಹಮದಾಬಾದಿನ ವಿಜ್ಞಾನಿಗಳು ತಯಾರಿಸಿದರು. ‘ಜನತಾ’ ಗಡಿಯಾರದ ಊರಿನವನಾದ ನನಗೆ ಆ ದಿನ ವೃತ್ತಪತ್ರಿಕೆಯನ್ನು ಎರಡು ಸಲ ಓದುವ ಹಾಗಾಯಿತು.

ಗಡಿಯಾರಗಳ ಪಂಚಾಯಿತಿ

ಈಗ ತಂದೆಗೆ ಕೊಡಬೇಕಾಗಿದ್ದ ಉತ್ತರಕ್ಕೆ ಬರುತ್ತೇನೆ. ಭಾರತದ ಪ್ರಮಾಣ ವೇಳೆಯನ್ನು ಕಾಯುವುದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಶಾಲೆ. ಅಲ್ಲಿ ಸೀಸಿಯಂ ಗಡಿಯಾರಗಳಿವೆ, ಹೈಡ್ರೊಜನ್ ಗಡಿಯಾರಗಳಿವೆ. ಹಾಗಾದರೆ ಎಲ್ಲರಿಗಿಂತ ಮೇಲಿನವರು ಅವರೇ? ಅಲ್ಲ. ಅವರು ತಮ್ಮ ಗಡಿಯಾರಗಳ ಲೆಕ್ಕವನ್ನು ಪ್ಯಾರಿಸ್ಸಿನ ಬಳಿಯಿರುವ ಅಂತರರಾಷ್ಟ್ರೀಯ ತೂಕ ಅಳತೆಗಳ ಕಚೇರಿಗೆ ಕಳಿಸುತ್ತಾರೆ. ಲೋಕದ ನಾನಾ ಪ್ರಯೋಗಶಾಲೆಗಳ ನಾಲ್ಕು ನೂರಕ್ಕೂ ಹೆಚ್ಚು ಪರಮಾಣು ಗಡಿಯಾರಗಳ ಲೆಕ್ಕ ಅಲ್ಲಿ ಸೇರುತ್ತದೆ. ಚಂಚಲವಾದದ್ದಕ್ಕೆ ಕಡಿಮೆ ಬೆಲೆ, ಸ್ಥಿರವಾದದ್ದಕ್ಕೆ ಹೆಚ್ಚು ಬೆಲೆ ಕೊಟ್ಟು ಸರಾಸರಿ ತೆಗೆಯುತ್ತಾರೆ. ಆ ಸರಾಸರಿಯೇ ಜಗತ್ತಿನ ವೇಳೆ. ‘ಕಳೆದ ತಿಂಗಳು ನಿಮ್ಮ ಗಡಿಯಾರ ಇಷ್ಟು ತಪ್ಪಿತ್ತು’ ಎಂಬ ಪಟ್ಟಿ ತಿಂಗಳಿಗೊಮ್ಮೆ ಎಲ್ಲರಿಗೂ ಹೋಗುತ್ತದೆ.

ಇದರ ಅರ್ಥವನ್ನು ಓದುಗರು ಸ್ವಲ್ಪ ಯೋಚಿಸಿ ನೋಡಬೇಕು. ಎಲ್ಲಕ್ಕಿಂತ ಸರಿಯಾದ ವೇಳೆಯನ್ನು ತೋರಿಸುವ ಗಡಿಯಾರ ಲೋಕದಲ್ಲಿ ಎಲ್ಲಿಯೂ ಇಲ್ಲ. ಅದು ಕಾಗದದ ಮೇಲಿದೆ. ಅದೂ ಕಳೆದುಹೋದ ಮೇಲೆ ತಿಳಿಯುವಂಥದ್ದು. ಏಣಿಯ ತುತ್ತತುದಿಗೆ ಹತ್ತಿ ನೋಡಿದರೆ ಅಲ್ಲಿ ಸಿಂಹಾಸನವಿಲ್ಲ, ಒಂದು ಪಂಚಾಯಿತಿಕಟ್ಟೆಯಿದೆ.

ಲಂಡನ್ನಿನಲ್ಲಿ ರೂತ್ ಬೆಲ್‌ವಿಲ್ ಎಂಬ ಹೆಂಗಸು ವೇಳೆ ಮಾರುತ್ತಿದ್ದಳು. ತಂದೆಯಿಂದ ಬಂದ ಗಡಿಯಾರವನ್ನು ಚೀಲದಲ್ಲಿಟ್ಟುಕೊಂಡು ಗ್ರೀನಿಚ್ಚಿನ ವೀಕ್ಷಣಾಲಯಕ್ಕೆ ಹೋಗಿ ಹೊಂದಿಸಿಕೊಂಡು, ಅಂಗಡಿ ಅಂಗಡಿಗೆ ತೋರಿಸಿ ಬರುತ್ತಿದ್ದಳು. 1924ರಲ್ಲಿ ರೇಡಿಯೋದಲ್ಲಿ ಆರು ‘ಪಿಪ್’ ಸದ್ದು ಬಂದರೂ, 1936ರಲ್ಲಿ ವೇಳೆ ಹೇಳುವ ಟೆಲಿಫೋನು ಬಂದರೂ ಅವಳು ನಿಲ್ಲಿಸಲಿಲ್ಲ, 1940ರವರೆಗೂ ನಡೆದಳು. ಅವಳನ್ನು ನೆನೆದಾಗ ನನಗೆ ತಂದೆಯ ನೆನಪಾಗುತ್ತದೆ. ಇಬ್ಬರೂ ವೇಳೆಯನ್ನು ಮಾಡಿದವರಲ್ಲ. ಒಬ್ಬರಿಂದ ತೆಗೆದುಕೊಂಡು, ಚೆಲ್ಲದಂತೆ ಹೊತ್ತು, ಇನ್ನೊಬ್ಬರಿಗೆ ಕೊಟ್ಟವರು.

ಈಗ ಸೀಸಿಯಂನ ಸಿಂಹಾಸನವೂ ಅಲುಗಾಡುತ್ತಿದೆ. ಸೆಕೆಂಡಿಗೆ 429 ಲಕ್ಷ ಕೋಟಿ ಸಲ ಮಿಡಿಯುವ ಬೆಳಕಿನಿಂದ ನಡೆಯುವ ಸ್ಟ್ರಾನ್ಷಿಯಂ ಗಡಿಯಾರಗಳು ಬಂದಿವೆ. ವಿಶ್ವದ ಇಡೀ ಆಯುಷ್ಯದಲ್ಲಿ ಒಂದು ಸೆಕೆಂಡೂ ತಪ್ಪದಂಥವು. ಒಂದು ಗಡಿಯಾರವನ್ನು ಒಂದಡಿ ಮೇಲೆತ್ತಿಟ್ಟರೆ ಅದು ಎಷ್ಟು ವೇಗವಾಗುತ್ತದೆಂಬುದನ್ನೂ 2010ರಲ್ಲಿ ಅಮೆರಿಕದಲ್ಲಿ ಅಳೆದರು. ಸೆಕೆಂಡಿಗೆ ಹೊಸ ವ್ಯಾಖ್ಯೆ ಬರೆಯುವ ಮಾತು ನಡೆದಿದೆ. ಬರೆಯಲಿ, ಪಂಚಾಯಿತಿಗೆ ಇನ್ನಷ್ಟು ಒಳ್ಳೆಯ ಸದಸ್ಯರು ಬಂದಾರು. ಪಂಚಾಯಿತಿಯಂತೂ ತಪ್ಪದು.

ತಂದೆ ನಿವೃತ್ತರಾದ ಮೇಲೂ ನಾಲ್ಕು ಗಂಟೆಗೆ ಗಡಿಯಾರ ನೋಡಿಕೊಳ್ಳುವುದನ್ನು ಬಿಡಲಿಲ್ಲ. ಕರೆ ಬರುವುದಿಲ್ಲವೆಂದು ಗೊತ್ತಿದ್ದರೂ ಆ ಹೊತ್ತಿಗೆ ಮಾತು ನಿಲ್ಲಿಸುವರು. ರಾತ್ರಿ ರೇಡಿಯೋದ ಸದ್ದಿಗೆ ‘ಜನತಾ’ವನ್ನು ಹೊಂದಿಸಿ ಕೀಲಿ ಕೊಟ್ಟು ಮಲಗುವರು. ಅವರ ಪ್ರಶ್ನೆಗೆ ಉತ್ತರ ನನಗೆ ತಿಳಿಯುವ ಹೊತ್ತಿಗೆ ಅವರಿರಲಿಲ್ಲ.

ಆ ಗಡಿಯಾರ ಈಗ ನನ್ನ ಬಳಿಯಿದೆ. ದಿನಕ್ಕೆ ಒಂದೂವರೆ ನಿಮಿಷ ಹಿಂದೆ ಬೀಳುತ್ತದೆ. ಜೇಬಿನಲ್ಲಿರುವ ಮೊಬೈಲು ಉಪಗ್ರಹಗಳನ್ನು ಕೇಳಿದ ಜಾಲದಿಂದ ವೇಳೆ ತಿಳಿದು, ಯಾರೂ ಮುಟ್ಟದೆಯೇ ಸರಿಯಾಗಿರುತ್ತದೆ. ಆದರೂ ಸಾಯಂಕಾಲ ನಾಲ್ಕಾಗುವಾಗ ನಾನು ಜನತಾವನ್ನು ಕೈಗೆತ್ತಿಕೊಂಡು, ಮೊಬೈಲಿನಲ್ಲಿ ಹದಿನಾರು ಗಂಟೆ ಮೂಡುವುದನ್ನು ಕಾದು, ಮುಳ್ಳನ್ನು ಒಂದೂವರೆ ನಿಮಿಷ ಮುಂದಕ್ಕೆ ತಿರುಗಿಸುತ್ತೇನೆ. ಮೊಮ್ಮಗಳು ಒಂದು ದಿನ ಕೇಳಿದಳು: “ತಾತ, ಫೋನಿಗೆ ವೇಳೆ ಹೇಳುವವರು ಯಾರು?”

ಈ ಸಲ ನನಗೆ ಉತ್ತರ ಗೊತ್ತಿತ್ತು. ಹೇಳಲು ಕುಳಿತೆ.